ಎಡಗಿವಿಗೆ ಹೇಳಿದ ಮಾತು

“ಆಂಟಿ, ನಿಮ್ಮಿಬ್ಬರ ಮದುವೆ ಆಗಿ ಎಷ್ಟು ವರ್ಷ ಆಯ್ತು?”

ಕಮಲಾಪುರದ ಆಚೆಗಿನ ರೆಸಾರ್ಟ್. ಹುಲ್ಲುಹಾಸಿನ ಮೇಲೆ ಪುಟ್ಟ ಸ್ಟೇಜು. ಎರಡು ಹಾಡುಗಳ ನಡುವಿನ ಬಿಡುವಿನಲ್ಲಿ ಆ ಹುಡುಗಿ ಹೀಗೆ ಕೇಳಿದಾಗ ಸುಧಾರಾಣಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. ಕೈ ಅಲ್ಲೇ ನಿಂತಿತು. ಹುಡುಗಿಯ ಹೆಸರು ಭವ್ಯ, ಗೆಳತಿಯರ ಜೊತೆ ಹಂಪಿ ನೋಡಲು ಬಂದವಳು.

ಇಲ್ಲಮ್ಮ, ಹಂಗೇನಿಲ್ಲ ಎನ್ನಲು ಸುಧಾರಾಣಿ ಬಾಯಿ ತೆರೆಯುವಷ್ಟರಲ್ಲಿ, ಪಕ್ಕದಲ್ಲಿ ಗಿಟಾರಿನ ತಂತಿ ಬಿಗಿ ಮಾಡುತ್ತಿದ್ದ ಈಶ್ವರ್ ಹುಡುಗಿಯ ಮುಖ ನೋಡಿದ.

“ನಲವತ್ತರ ಹತ್ರ ಬಂತವ್ವ” ಎಂದ, ಗಂಭೀರವಾಗಿ.

“ಅದಕ್ಕೇ ಅಂಕಲ್ ನಿಮ್ಮನ್ನ ಬಿಟ್ಟು ಬೇರೆ ಕಡೆ ನೋಡೋದೇ ಇಲ್ಲ. ಒಂದು ಹಾಡು ಶೂಟ್ ಮಾಡ್ಕೊಂಡಿದೀನಿ, ಸೂಪರ್ ಆಗಿ ಬಂದಿದೆ.”

ಹುಡುಗಿ ಹೋದ ಮೇಲೆ ಸುಧಾರಾಣಿ ದನಿ ತಗ್ಗಿಸಿ, “ಯಾಕ ಸುಳ್ಳು ಹೇಳಿದ್ರಿ?” ಎಂದಳು. ಈಶ್ವರ್ ಸುಮ್ಮನೆ ನಕ್ಕು ಗಿಟಾರ್ ಎತ್ತಿಕೊಂಡ. ತುಂಟತನ ಎಂದುಕೊಂಡಳು ಅವಳು. ಸಿಟ್ಟು ಬಂತು. ಕೆನ್ನೆಯೂ ಬಿಸಿಯಾಯಿತು. ಅರವತ್ತೊಂದರ ವಯಸ್ಸಿಗೆ ಇದೆಂಥ ಕೆನ್ನೆ ಎಂದು ತನ್ನ ಮೇಲೇ ಬೇಸರವಾಯಿತು.

ಅವರ ಬ್ಯಾಂಡಿನ ಹೆಸರು ರೆಡ್ ಡಸ್ಟ್. ಎಂಬತ್ತರ ದಶಕದಲ್ಲಿ ಹೊಸಪೇಟೆಯ ತುಂಗಭದ್ರಾ ಡ್ಯಾಂ ಕ್ವಾರ್ಟರ್ಸಿನ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ಹುಟ್ಟಿದ್ದು. ಡ್ರಮ್ಸ್ ಬಾರಿಸುವ ಹುಲಿಗೇಶ್, ಬೇಸ್ ಗಿಟಾರಿನ ಉಜ್ಜಿನಪ್ಪ ಇಬ್ಬರೂ ಸಂಡೂರಿನ ಗಣಿಯಲ್ಲಿ ಕೆಲಸಕ್ಕಿದ್ದವರು. ರೆಪ್ಪೆಯ ಮೇಲೆಲ್ಲ ಅದಿರಿನ ಕೆಂಪು ಧೂಳು ಹೊತ್ತು ಪ್ರಾಕ್ಟೀಸಿಗೆ ಬರುತ್ತಿದ್ದರು, ಹೆಸರು ಅಲ್ಲಿಂದಲೇ ಬಂತು. ಈಶ್ವರ್ ಕಂಪ್ಲಿಯ ರೈಸ್‌ಮಿಲ್ ಮಾಲೀಕರ ಮಗ. ಕೀಬೋರ್ಡ್ ನುಡಿಸುತ್ತ ಹಾಡುವವಳು ಡ್ಯಾಮಿನ ಗೇಟ್ ಆಪರೇಟರ್ ನಾಗೇಂದ್ರಪ್ಪನ ಮಗಳು ಸುಧಾರಾಣಿ. ವಿದೇಶಿ ಬ್ಯಾಂಡುಗಳ ಕ್ಯಾಸೆಟ್ಟುಗಳನ್ನು ಟೇಪು ಸವೆಯುವವರೆಗೆ ಕೇಳಿ, ಕೊನೆಗೆ ತಮ್ಮವೇ ಹಾಡು ಕಟ್ಟಿದರು, ಕನ್ನಡದಲ್ಲಿ. ಸಂಡೂರಿನ ಗಣಿ ಕಾಲೋನಿಯಲ್ಲಿ ಜನ ಲಾರಿ ಹತ್ತಿ ನಿಂತು ಕೇಳುತ್ತಿದ್ದ ಕಾಲವೊಂದಿತ್ತು. ಹೊಸಪೇಟೆಯ ಕಾಲೇಜು ಹುಡುಗರು ಈಶ್ವರ್‌ನ ಹಾಗೆ ಹೆಗಲವರೆಗೆ ಕೂದಲು ಬಿಟ್ಟು ಅಪ್ಪಂದಿರಿಂದ ಬೈಸಿಕೊಂಡಿದ್ದರು.

ಈಗ ಹುಲಿಗೇಶ್ ಇಲ್ಲ. ಉಜ್ಜಿನಪ್ಪ ಹಾಸಿಗೆ ಹಿಡಿದಿದ್ದಾನೆ. ಡ್ರಮ್ಸಿನ ಜಾಗದಲ್ಲಿ ಒಂದು ಮಷೀನು. ಉಳಿದ ಇಬ್ಬರು ಶನಿವಾರ ಸಂಜೆ ಈ ರೆಸಾರ್ಟಿನಲ್ಲಿ ನುಡಿಸುತ್ತಾರೆ. ಊಟಕ್ಕೆ ಕೂತ ಹುಡುಗ ಹುಡುಗಿಯರು ಸಿನಿಮಾ ಹಾಡು ಕೇಳುತ್ತಾರೆ. ರೆಡ್ ಡಸ್ಟ್ ಅಂದರೆ ಏನು ಎಂದು ಈಚೆಗೆ ಯಾರೂ ಕೇಳಿದ್ದಿಲ್ಲ.

ಮದುವೆಯ ಮಾತು ಒಂದು ಕಾಲಕ್ಕೆ ಬಂದಿದ್ದು ನಿಜ. ಸುಧಾರಾಣಿಯದು ಬೌದ್ಧ ಮನೆ. ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು. ಕಂಪ್ಲಿಯ ಮನೆ ಒಪ್ಪಲಿಲ್ಲ. ಈಶ್ವರ್ ಮನೆಯವರು ನೋಡಿದ ಕೊಟ್ರಮ್ಮನನ್ನು ಕಟ್ಟಿಕೊಂಡ. ಸುಧಾರಾಣಿ ಒಂದು ವಾರ ಜ್ವರ ಅಂತ ಮಲಗಿದಳು. ಆಮೇಲೆ ಎದ್ದು ಪ್ರಾಕ್ಟೀಸಿಗೆ ಹೋದಳು. ಟೀಚರ್ ಆದಳು, ರಿಟೈರ್ ಆದಳು, ಮದುವೆ ಮಾತ್ರ ಆಗಲಿಲ್ಲ. ಕೊಟ್ರಮ್ಮ ಒಳ್ಳೆಯವಳು. ಕಾರ್ಯಕ್ರಮಕ್ಕೆ ಬಂದರೆ ತನ್ನ ಮುಡಿಯ ಮಲ್ಲಿಗೆಯಲ್ಲಿ ಅರ್ಧ ತೆಗೆದು ಸುಧಾರಾಣಿಗೆ ಕೊಡುತ್ತಿದ್ದಳು. ಅವಳು ತೀರಿಕೊಂಡು ಮೂರು ವರ್ಷ. ಆಮೇಲೂ ಇಬ್ಬರಲ್ಲಿ ಯಾರೂ ಹಳೆಯ ಮಾತು ಎತ್ತಲಿಲ್ಲ.

ಶನಿವಾರ ಇತ್ತು. ಅಷ್ಟು ಸಾಕಿತ್ತು. ಹಾಡು ಶುರುವಾಗುವ ಮುಂಚೆ ಅವನು ಒಮ್ಮೆ ನೋಡುತ್ತಿದ್ದ; ಮೊದಲು ಅವಳ ಕೈ, ಆಮೇಲೆ ಕಣ್ಣು. ಈಚೆಗಂತೂ ಹಾಡು ಮುಗಿಯುವವರೆಗೆ ಆ ನೋಟ ಕದಲುತ್ತಿರಲಿಲ್ಲ. ಸುಧಾರಾಣಿ ಅದನ್ನು ಮನೆಗೆ ಒಯ್ದು ವಾರವಿಡೀ ಇಟ್ಟುಕೊಳ್ಳುತ್ತಿದ್ದಳು.

ಮುಂದಿನ ಶನಿವಾರ ಸ್ಟೇಜ್ ಹತ್ತುವ ಮುಂಚೆ ಮ್ಯಾನೇಜರ್ ಮಹಾಂತೇಶ ಬಂದ. ಒಳ್ಳೆಯ ಹುಡುಗ, ಮಾತಾಡಲಾಗದೆ ಮೊಬೈಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸುತ್ತಿದ್ದ.

“ಬ್ಯಾಸರ ಮಾಡ್ಕೋಬ್ಯಾಡ್ರಿ ಮೇಡಂ. ಇನ್ಮುಂದ ಡಿಜೆ ಇಡೋಣು ಅಂದಾರ ಮಾಲೀಕರು. ಹುಡುಗರಿಗೆ ಅದೇ ಬೇಕಂತ. ಇವತ್ತೇ ಕಡೇದು.” ಬಾಯಿ ಸಿಹಿ ಮಾಡುವವನ ಹಾಗೆ ಮೊಬೈಲ್ ಮುಂದೆ ಹಿಡಿದ. “ಆದ್ರ ನೀವಿಬ್ರೂ ಭಾಳ ಫೇಮಸ್ ಆಗೀರಿ. ನೋಡ್ರಿ, ಲಕ್ಷಗಟ್ಲೆ ಮಂದಿ ನೋಡ್ಯಾರ.”

ಭವ್ಯ ಹಾಕಿದ ರೀಲ್ಸ್. ಬೆಳ್ಳಿಕೂದಲು ಗಾಳಿಗೆ ಹಾರುತ್ತಿದ್ದ ತನ್ನನ್ನು ಸುಧಾರಾಣಿ ಕಂಡಳು. ಪಕ್ಕದಲ್ಲಿ ತನ್ನನ್ನೇ ನೋಡುತ್ತ ನಿಂತ ಈಶ್ವರ್. ಕೆಳಗೆ ಜನ ಬರೆದಿದ್ದರು: ಗಂಡ ಹೆಂಡತಿ ಅಂದರೆ ಹೀಗಿರಬೇಕು. ಆದರೆ ಕೇಳುತ್ತಿದ್ದದ್ದು ಅವರ ಹಾಡಲ್ಲ. ಅವರ ದನಿ ತೆಗೆದು, ಹೊಸ ಸಿನಿಮಾದ ಹಾಡೊಂದನ್ನು ಮೇಲೆ ಹಾಕಿದ್ದರು. ಅವಳ ಬೆರಳುಗಳು ಯಾರದೋ ತಾಳಕ್ಕೆ ಓಡಾಡುತ್ತಿದ್ದವು.

ಈಶ್ವರ್ ಮೊಬೈಲ್ ತೆಗೆದುಕೊಂಡು ಪೂರ್ತಿ ನೋಡಿದ. ಕಣ್ಣು ತುಂಬಿ ಬಂದವು.

“ನಮ್ಮ ಹಾಡು ಎಷ್ಟು ಚಲೋ ಬಂದೈತಿ ನೋಡು ಸುಧಾ” ಎಂದ. “ನಿನ್ನ ದನಿ ಹಂಗ ಐತಿ.”

ಮಹಾಂತೇಶ ಏನೋ ಹೇಳಲು ಹೊರಟ. ಸುಧಾರಾಣಿ ಕಣ್ಣಲ್ಲೇ ಅವನನ್ನು ತಡೆದಳು.

“ಹೌದ್ರಿ” ಎಂದಳು. “ಚಲೋ ಬಂದೈತಿ.”

ಆ ಸಂಜೆ ಅವಳು ಅವನನ್ನು ನೋಡಿದ ಹಾಗೆ ಯಾವತ್ತೂ ನೋಡಿರಲಿಲ್ಲ. ಎರಡು ವರ್ಷದ ಹಿಂದೆ ಗಂಟಲು ಸರಿಯಿಲ್ಲ ಎಂದು ಅವನು ಅವಳ ಜೊತೆ ಹಾಡುವುದು ಬಿಟ್ಟಿದ್ದ. ಗಂಟಲಿಗೆ ಏನೂ ಆಗಿರಲಿಲ್ಲ ಎಂದು ಈಗ ಹೊಳೆಯಿತು. ಕಡೆಯ ಹಾಡಿಗೆ ಅವಳು ಕೀಬೋರ್ಡಿನ ಮೇಲೆತ್ತಿದ ಕೈಯನ್ನು ಇಳಿಸದೆ ಹಾಗೇ ಹಿಡಿದಳು. ತಾಳದ ಮಷೀನು ತನ್ನ ಪಾಡಿಗೆ ಓಡುತ್ತಿತ್ತು. ಈಶ್ವರ್‌ನ ಬೆರಳುಗಳು ತಂತಿಯ ಮೇಲೆ ಕಾಯುತ್ತ ನಿಂತವು. ಅವಳು ಕೈ ಇಳಿಸಿದಳು. ಅವನೂ ಶುರು ಮಾಡಿದ. ಹಾಡು ಮುಗಿದಾಗ ಎರಡು ಮೂರು ಟೇಬಲ್ಲಿನವರು ಚಪ್ಪಾಳೆ ತಟ್ಟಿದರು.

ಕಮಲಾಪುರದ ಬಸ್ ಸ್ಟಾಪಿನ ಕಲ್ಲಿನ ಮೇಲೆ ಅವನ ಬಲಕ್ಕೆ ಕೂತು, “ಯಾವಾಗಿಂದ?” ಎಂದು ಕೇಳಿದಳು. ಈಶ್ವರ್ ರಸ್ತೆ ನೋಡುತ್ತಿದ್ದ. ಎದ್ದು ಹೋಗಿ ಎಡಕ್ಕೆ ಕೂತು ಮತ್ತೆ ಕೇಳಿದಳು. ಅವನಿಗೆ ಅರ್ಥವಾಯಿತು.

“ಬಲಗಿವಿ ಹೋಗಿ ಎರಡು ವರ್ಷಾತು. ಎಡಕ್ಕ ಸ್ವಲ್ಪ ಐತಿ. ಅದೂ ಉಳಿಯಂಗಿಲ್ಲ, ಕಿವಿಗೆ ಮಷೀನ್ ಹಾಕಿದ್ರೂ ಭಾಳ ಉಪಯೋಗಿಲ್ಲ ಅಂದ್ರು ಡಾಕ್ಟ್ರು. ಆಗ ಸ್ಪೀಕರ್ ಬಾಯಾಗ ನಿಂತು ಕುಣಿದ್ವಲ್ಲ. ಆ ಹುಡುಗಿ ಕೇಳಿದ್ದೂ ಸರಿ ಕೇಳಿಸ್ಲಿಲ್ಲ, ಬ್ಯಾಂಡಿನ ವರ್ಷ ಅಂದ್ಕೊಂಡೆ.”

“ಮತ್ತ ಇಷ್ಟು ದಿನ ಹೆಂಗ ಬಾರಿಸಿದ್ರಿ?”

“ನಿನ್ನ ಕೈ ನೋಡ್ಕೊಂತ.”

ಸುಧಾರಾಣಿಗೆ ನೆನಪಾದದ್ದು ವಾರವಿಡೀ ಜೋಪಾನ ಮಾಡಿದ ಆ ನೋಟಗಳು. “ಅಂದ್ರ, ಅದಕ್ಕ ನನ್ನ ನೋಡ್ತಿದ್ರಿ” ಎಂದಳು. ದನಿ ಸಣ್ಣದಾಗಬಾರದಿತ್ತು, ಆಯಿತು.

“ಎರಡು ವರ್ಷದಿಂದ ಅದಕ್ಕ.” ಈಶ್ವರ್ ಅವಳ ಕಡೆ ತಿರುಗಿದ. “ಅದಕ್ಕಿಂತ ಮೊದ್ಲು ನನಗ ಚಲೋ ಕೇಳಸ್ತಿತ್ತು, ಸುಧಾ. ಆಗಲೂ ನೋಡ್ತಿದ್ದೆ.”

ದೂರದಲ್ಲಿ ಹೊಸಪೇಟೆ ಬಸ್ಸಿನ ಬೆಳಕು ಕಂಡಿತು. ಅವನು ಅವಸರವಾಗಿ ಮಾತಾಡಿದ. “ಈ ಕಿವಿ ಹೋಗೂದ್ರೊಳಗ ನಿನ್ನ ಬಾಯಿಂದ ಒಂದು ಮಾತು ಕೇಳ್ಬೇಕಂತ ಆಸೆ ಐತಿ. ಯಾವ ಮಾತು ಅಂತ ನಿನಗ ಗೊತ್ತು. ಹೇಳಂಗಿಲ್ಲ ಅಂದ್ರೂ ನಡೀತೈತಿ. ಕೇಳೋ ಹಕ್ಕು ನನಗಿಲ್ಲ.”

ಬಸ್ಸು ಬಂತು, ಸುಧಾರಾಣಿ ಹತ್ತಿದಳು.

ಆ ವಾರ ಉದ್ದವಾಗಿತ್ತು. ಶನಿವಾರ ಸಂಜೆ ಎಲ್ಲಿಗೂ ಹೋಗಬೇಕಿರಲಿಲ್ಲ. ಆದರೂ ಅವಳು ಸ್ಟೇಜಿಗೆ ಉಡುವ ನೀಲಿ ಸೀರೆ ಉಟ್ಟು ಹೊಸಪೇಟೆಯ ತನ್ನ ಮನೆಯಲ್ಲಿ ಕೂತಿದ್ದಳು. ಬಾಗಿಲು ಬಡಿದ ಸದ್ದಾಯಿತು. ಗಿಟಾರಿಲ್ಲದೆ ಬಂದಿದ್ದ ಈಶ್ವರ್ ಬರಿಗೈಯಲ್ಲಿ ಏನು ಮಾಡಬೇಕೆಂದು ತಿಳಿಯದವನ ಹಾಗೆ ನಿಂತಿದ್ದ.

“ಗಂಗಾಂಬಿಕಾಗ ಹೇಳಿ ಬಂದೀನಿ” ಎಂದ. ಗಂಗಾಂಬಿಕಾ ಅವನ ಮಗಳು, ಈಗ ಮಿಲ್ಲು ನೋಡಿಕೊಳ್ಳುವವಳು. “ಗಂಡ ಹೆಂಡ್ತಿ ಅಂತ ಬರ್ದಾರಲ್ಲಪ್ಪ, ಸುಳ್ಳು ಅಂತ ಹೇಳಿ ಅದನ್ನ ತೆಗಸು ಅಂದ್ಲು. ಅದು ಸುಳ್ಳಾಗಿದ್ದು ನನ್ನಿಂದ ಅಂದೆ. ಎರಡು ದಿನ ಮಾತು ಬಿಟ್ಲು. ಇವತ್ತು ಬಸ್ ಸ್ಟ್ಯಾಂಡಿಗೆ ತಾನ ಕರ್ಕೊಂಡು ಬಂದು ಬಿಟ್ಲು.”

“ಒಳಗ ಬರ್ರಿ. ಕುಂದ್ರಿ.”

ಅವನ ಎಡಕ್ಕೆ ಕುರ್ಚಿ ಎಳೆದುಕೊಂಡಳು. ಅವನ ಮದುವೆಯಾದ ದಿನದಿಂದ ಅವಳು ಅವನಿಗೆ ‘ನೀವು’ ಎನ್ನುತ್ತಿದ್ದಳು. ಈಗ ಅದು ತಾನಾಗಿ ಬಿಟ್ಟುಹೋಯಿತು.

“ಮೊದ್ಲು ಇದನ್ನ ಕೇಳು. ಮದುವಿ ಮಾತಾಡಾಕ ನೀ ಬರಾಕ ಹೇಳಿದ್ದಕ್ಕ ನಮ್ಮಪ್ಪ ನಿಮ್ಮ ಮಿಲ್ಲಿಗೆ ಬಂದಿದ್ದ. ಭತ್ತ ಒಣಹಾಕಿದ ಕಣದ ಅಂಚಿಗೆ, ಬಿಸಿಲಾಗ ನಿಂತಿದ್ದ. ಕುಂದ್ರು ಅಂತ ಒಬ್ರೂ ಅನ್ಲಿಲ್ಲ. ನೀ ಮ್ಯಾಲಿನ ಕಿಟಕ್ಯಾಗ ಇದ್ದಿ. ಅಪ್ಪ ನಿನ್ನ ನೋಡ್ಯಾನ. ನೀ ಕೆಳಗ ಇಳೀಲಿಲ್ಲ. ಮನಿಗೆ ಬಂದು ಅದನ್ನ ಒಂದ ಸಲ ಹೇಳಿದ, ಸಾಯೋ ತನಕ ಮತ್ತ ಆಡ್ಲಿಲ್ಲ. ನಾನೂ ಆಡಿದ್ದಿಲ್ಲ. ಕೇಳಿಸ್ತಾ?”

“ಕೇಳಿಸ್ತು.”

ಅವನು ಎದ್ದು ಹೋಗಿ ಗೋಡೆಯ ಮೇಲಿನ ನಾಗೇಂದ್ರಪ್ಪನ ಫೋಟೋ ಎದುರು ನಿಂತ. ಮೊಣಕಾಲು ನೋವಿನ ಮನುಷ್ಯ. ಆದರೂ ನಿಂತೇ ಇದ್ದ. ಕಿಟಕಿಯ ಬಿಸಿಲು ಫೋಟೋ ದಾಟಿ ಪೂರ್ತಿ ಆರುವವರೆಗೆ ಸುಧಾರಾಣಿ ಕರೆಯಲಿಲ್ಲ. ಆಮೇಲೆ ತೋಳು ಹಿಡಿದು ತಂದು ಕೂರಿಸಿದಳು. ಅವನ ಎಡಗಿವಿಯ ಹತ್ತಿರ ಬಾಗಿದಳು.

“ಮದುವಿ ಬ್ಯಾಡ. ಆ ಮನಿಗೆ ನಾ ಬರಂಗಿಲ್ಲ. ಆದ್ರ ನಿನ್ನ ಬಿಟ್ಟು ಯಾರನ್ನೂ ಪ್ರೀತಿ ಮಾಡಿಲ್ಲ ನಾನು. ಒಂದು ದಿನಾನೂ ಇಲ್ಲ.”

ಈಶ್ವರ್ ಕಣ್ಣು ಮುಚ್ಚಿಕೊಂಡ. “ಇನ್ನೊಮ್ಮೆ ಹೇಳು.”

ಹೇಳಿದಳು. ಮತ್ತೆ ಕೇಳಿದ. ಮತ್ತೆ ಹೇಳಿದಳು.

ಆಮೇಲೆ ಪ್ರತಿ ಶನಿವಾರ ಅವನು ಕಂಪ್ಲಿ ಬಸ್ಸಿಗೆ ಬಂದ. ಅವಳು ರೆಡ್ ಡಸ್ಟಿನ ಹಾಡುಗಳನ್ನು ಒಂದೊಂದಾಗಿ ಹಾಡಿದಳು; ಅವನು ತಲೆ ಓರೆ ಮಾಡಿ ಕೂತು ಕೇಳಿದ. ಕೆಲವಕ್ಕೆ ಹುಲಿಗೇಶ್‌ನ ನೆನಪಾಗಿ ಇಬ್ಬರೂ ನಕ್ಕರು. ವಾರದಿಂದ ವಾರಕ್ಕೆ ಅವಳ ಕುರ್ಚಿ ಹತ್ತಿರ ಬಂತು, ದನಿ ದೊಡ್ಡದಾಯಿತು. ಎಷ್ಟು ಕೇಳಿಸಿತು ಎಂದು ಅವಳು ಕೇಳುತ್ತಿರಲಿಲ್ಲ, ಅವನೂ ಹೇಳುತ್ತಿರಲಿಲ್ಲ.

ದೀಪಾವಳಿಯ ದಿನ ಶನಿವಾರವಲ್ಲದಿದ್ದರೂ ಬೆಳಿಗ್ಗೆಯೇ ಬಂದ. ಗಂಗಾಂಬಿಕಾ ಕೊಟ್ಟು ಕಳಿಸಿದ ಕರ್ಜಿಕಾಯಿಯ ಡಬ್ಬಿ ಕೈಲಿತ್ತು. ಸುಧಾರಾಣಿ ಚಹಾ ಸೋಸಿ ತಂದು ಅವನೆದುರು ನಿಂತಿದ್ದಳು. ಅಷ್ಟರಲ್ಲಿ ಮನೆಯ ಹಿಂದಿನ ಓಣಿಯಲ್ಲಿ ಯಾರೋ ಪಟಾಕಿಯ ಸರ ಹಚ್ಚಿದರು. ಕಿಟಕಿಯ ಗಾಜು ನಡುಗಿತು. ಅವಳು ಬೆಚ್ಚಿಬಿದ್ದಳು, ಚಹಾ ತುಳುಕಿ ಸೀರೆಯ ಮೇಲೆ ಚೆಲ್ಲಿತು.

ಈಶ್ವರ್ ಗಾಬರಿಯಿಂದ ಅವಳ ಮುಖ ನೋಡಿದ.

“ಯಾಕ ಸುಧಾ? ಯಾಕ ಹಂಗ ಬೆಚ್ಚಿದಿ?”

ಸರ ಇನ್ನೂ ಸಿಡಿಯುತ್ತಲೇ ಇತ್ತು. ಸುಧಾರಾಣಿ ಲೋಟವನ್ನು ಜೋಪಾನವಾಗಿ ಕೆಳಗಿಟ್ಟಳು. ಕುರ್ಚಿಯನ್ನು ಅವನ ಎಡಕ್ಕಲ್ಲ, ತನ್ನ ತುಟಿ ಅವನಿಗೆ ಕಾಣುವ ಹಾಗೆ ಎದುರಿಗೆ ಎಳೆದುಕೊಂಡು ಕೂತಳು.

“ಏನಿಲ್ಲ” ಎಂದಳು, ನಿಧಾನವಾಗಿ, ಒಂದೊಂದು ಅಕ್ಷರ ಬಿಡಿಸಿ. “ಏನೂ ಇಲ್ಲ. ಚಾ ಕುಡಿ.”