ಹೊಟ್ಟೆಗೆ ಹಾಕ್ಕೊಳ್ಳಿ

ಈ ಬಾಟಲಿಯೂ ಸೋತಿತ್ತು.

ಓಟಗಾರ ಅದನ್ನು ಮೇಜಿನ ಮೇಲಿಟ್ಟು ನೆಲ ನೋಡುತ್ತ ಕೂತ. ಎರಡು ಗಂಟೆ ಓಡುವಷ್ಟರಲ್ಲಿ ಹೊಟ್ಟೆ ತೊಳಸಿತಂತೆ. ಡಯಟಿಷಿಯನ್ ತಾನು ಬೆರೆಸಿಕೊಟ್ಟಿದ್ದ ಪಾನೀಯದಲ್ಲಿ ಉಳಿದದ್ದನ್ನು ಸಿಂಕಿಗೆ ಸುರಿದಳು. ಉಪ್ಪು ಕಡಿಮೆ ಮಾಡಿಯಾಗಿತ್ತು, ಸಕ್ಕರೆ ಬದಲಿಸಿಯಾಗಿತ್ತು, ನೀರು ಹೆಚ್ಚಿಸಿಯಾಗಿತ್ತು. ಪ್ರತಿಯೊಂದನ್ನೂ ಮೊದಲು ತಾನೇ ಕುಡಿದು ನೋಡಿ ಅವಳ ನಾಲಿಗೆ ಮರಗಟ್ಟಿತ್ತು. ಈಚೆಗೆ ಮನೆಯ ಟೀ ಕೂಡ ಗ್ಲೂಕೋಸಿನಂತೆಯೇ ಅನ್ನಿಸುತ್ತಿತ್ತು.

ಬಾಯಾರಿಕೆಯೆನ್ನದೆ ಓಡುತ್ತಾನೆಂದು ಟೀಮಿನವರು ಅವನನ್ನು ‘ಒಂಟೆ’ ಅನ್ನುತ್ತಿದ್ದರು. ಆದರೆ ನೂರು ಕಿಲೋಮೀಟರಿನ ಓಟ ಬರೀ ಹಠದಿಂದ ಮುಗಿಯುವಂಥದ್ದಲ್ಲ. ಓಡುತ್ತಲೇ ತಿನ್ನಬೇಕು, ಓಡುತ್ತಲೇ ಕುಡಿಯಬೇಕು, ಹಟಮಾರಿ ಮಗುವಿಗೆ ತುತ್ತು ಕಲಿಸಿದಂತೆ ಹೊಟ್ಟೆಗೆ ಕಲಿಸಬೇಕು. ಅದಕ್ಕೆಂದೇ ಅವನನ್ನು ಸ್ಟೇಡಿಯಂ ಹಿಂಬದಿಯ ಈ ಕೋಣೆಗೆ ಕಳಿಸಿದ್ದರು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಒಂಟೆಗೆ ಎರಡೂ ಬರುತ್ತಿರಲಿಲ್ಲ. ತನ್ನ ದನಿಯಲ್ಲಿ ಎರಡು ಮಾತಾಡಲು ತಡವರಿಸುವವನು, ಬೇರೆಯವರ ದನಿಯಲ್ಲಾದರೆ ಅರಳು ಹುರಿದಂತೆ. ಕೋಚ್ ಕೆಮ್ಮುವುದು, ಫಿಸಿಯೋ ಸೀನುವುದು, ಕೊನೆಗೆ ಅವಳ ಮಿಕ್ಸಿ ಸಿಕ್ಕಿಹಾಕಿಕೊಂಡು ಗೊರಗುಟ್ಟುವುದನ್ನೂ ಮಾಡಿ ತೋರಿಸುತ್ತಿದ್ದ. ಅವಳು ನಗದಿದ್ದರೆ ಓರೆಗಣ್ಣಲ್ಲಿ ನೋಡಿ ಮತ್ತೊಮ್ಮೆ ಮಾಡುತ್ತಿದ್ದ. ನಕ್ಕರೆ ಕಿವಿಯವರೆಗೂ ಕೆಂಪಾಗುತ್ತಿದ್ದ.

ಇವತ್ತು ನಗುವ ತ್ರಾಣ ಅವಳಿಗಿರಲಿಲ್ಲ. ಹೊಟ್ಟೆ ಸರಿಯಿಲ್ಲದವನನ್ನು ಓಟಕ್ಕೆ ಇಳಿಸುವುದಿಲ್ಲವೆಂದು ಕೋಚ್ ಬೆಳಿಗ್ಗೆ ಹೇಳಿದ್ದರು. ಕೋಚ್ ಅಂದರೆ ಒಂಟೆಯ ಸ್ವಂತ ದೊಡ್ಡಪ್ಪ. ಅದಕ್ಕೇ ಇನ್ನಷ್ಟು ಬಿಗಿ. ತಪ್ಪು ಅವನ ಹೊಟ್ಟೆಯದಲ್ಲ, ನನ್ನ ಕೈಯದು, ಬೇರೆಯವರನ್ನು ಕರೆಸಿ ಎಂದು ಅವಳು ಹೇಳಿ ಬಂದಿದ್ದಳು.

“ಸೋಮವಾರದಿಂದ ಹೊಸಬ್ರು ಬರ್ತಾರೆ. ಅವ್ರು ನಿಮ್ಮನ್ನ ಸರಿ ಮಾಡ್ತಾರೆ,” ಅಂದಳು.

ಅವನ ಮುಖ ಬಿಳುಚಿತು. ಎದ್ದು ಹೋದ.

ಅವಳು ಪುಡಿ ಡಬ್ಬಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬತೊಡಗಿದಳು. ಇಲ್ಲಿ ದುಡಿದ ಸುಸ್ತಿಗಿಂತ ಬಿಟ್ಟು ಹೋಗುವ ಸುಸ್ತೇ ದೊಡ್ಡದಾಗಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಅವನೇ ನಿಂತಿದ್ದ. ನೂರು ಕಿಲೋಮೀಟರ್ ಓಡುವವನು ಒಂದು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದ.

“ಮೊದಲ್ನೇ ಬಾಟಲೇ ಸರಿಯಿತ್ತು,” ಅಂದ. ದನಿ ಯಾರದೂ ಅಲ್ಲ, ಅವನದೇ. “ಎಲ್ಲಾ ಸರಿಯಿದ್ವು. ಸರಿ ಅಂದ್ಬಿಟ್ರೆ ಇಲ್ಲಿಗೆ ಬರೋಕೆ ನಂಗೇನಿದೆ ಕೆಲ್ಸ? ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊಳ್ಳಿ.”

“ನಿಮ್ಮಿಂದ ನನ್ ಹೊಟ್ಟೆಗೆ ಈಗಾಗ್ಲೇ ಬೇಕಾದಷ್ಟು ಬಿದ್ದಿದೆ.” ಸಿಟ್ಟು ಬಂದಿತ್ತು, ಆದರೆ ಎತ್ತಿ ಆಡಲು ಶಕ್ತಿಯಿರಲಿಲ್ಲ. “ಇದನ್ನ ಹೋಗಿ ನಿಮ್ ದೊಡ್ಡಪ್ಪನಿಗೆ ಹೇಳಿ.”

ಹೇಳಿಯೇ ಬಂದಿದ್ದ. ಅವಳು ಎಲ್ಲಿಗೂ ಹೋಗಬೇಕಿಲ್ಲವಂತೆ. ಅವನೇ ಈ ಓಟದಲ್ಲಿಲ್ಲವಂತೆ. ಹೊಟ್ಟೆ ಕೆಟ್ಟವನನ್ನಾದರೂ ಓಡಿಸಿಯೇನು, ತಲೆ ಕೆಟ್ಟವನನ್ನಲ್ಲ ಅಂದರಂತೆ ದೊಡ್ಡಪ್ಪ. ಅದನ್ನು ಹೇಳುವಾಗ ಅವನು ದೊಡ್ಡಪ್ಪನಂತೆ ಕೆಮ್ಮಲಿಲ್ಲ.

ಈ ಓಟಕ್ಕಾಗಿ ಒಂದು ವರ್ಷ ಬೆಳಗಾಗುವ ಮೊದಲೇ ಎದ್ದು ಓಡಿದವನು. ಅವಳು ಕುರ್ಚಿಯಲ್ಲಿ ಕುಸಿದು ಕೂತಳು. ಕಣ್ಣು ತುಂಬಿತು, ನಗುವೂ ಬಂತು, ಎರಡನ್ನೂ ತಡೆಯಲು ಹೋಗಲಿಲ್ಲ.

“ನೀವು ಹೊಟ್ಟೆ ಕೆಟ್ಟಿದೆ ಅಂದಾಗೆಲ್ಲ ನಂಗೆ ಒಳಗೊಳಗೇ ಖುಷಿ ಆಗ್ತಿತ್ತು. ನಾಳೆನೂ ಬರ್ತೀರಲ್ಲಾ ಅಂತ. ಯಾವ ಡಯಟಿಷಿಯನ್‌ಗಾದ್ರೂ ಹೀಗಾಗತ್ತಾ?”

ಅವನು ಕಿವಿಯವರೆಗೂ ಕೆಂಪಾದ. ಆಮೇಲೆ ನಿಟ್ಟುಸಿರು ಬಿಟ್ಟು, ಇನ್ನು ಮುಂದೆ ಇಲ್ಲಿಗೆ ಬರಲು ತನಗೆ ಕಾರಣವೇ ಇಲ್ಲವಲ್ಲ ಅಂದ.

ಅವಳು ಪೆಟ್ಟಿಗೆಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ, ಎದುರಿನ ಕುರ್ಚಿಗೆ ಜಾಗ ಮಾಡಿದಳು.

“ಕಾರಣ ಇಲ್ದೇನೇ ಬಾ.”