ಸಾರವಾಡದ ಬಾವಿಯ ಎಲುಬುಗಳು

ಮುಂಬಯಿ ಪ್ರಾಂತದಲ್ಲೇ ನನ್ನಂಥ ಶವಪರೀಕ್ಷೆಯ ಡಾಕ್ಟರ್ ಇರಲಿಲ್ಲ; ಎಲುಬು ಮೂಸಿ ಊರು ಹೇಳುತ್ತಿದ್ದೆ! ೧೯೪೬ರ ಬೇಸಿಗೆಯಲ್ಲಿ ಸಾರವಾಡದ ಬಾವಿಯಿಂದ ಹೆಣ್ಣಿನ ಎಲುಬುಗಳು ವಿಜಾಪುರಕ್ಕೆ ನನ್ನಲ್ಲಿಗೆ ಬಂದವು. ಉರಿಬಿಸಿಲಲ್ಲೂ ಮಂಜಿನಂತೆ ತಣ್ಣಗಿದ್ದವು. ಎಷ್ಟು ಒರೆಸಿದರೂ ನೀರು ಜಿನುಗುತ್ತಿತ್ತು. ಎಡಗೈ ಎಲುಬು ಹಿಂದೆಂದೋ ಮುರಿದು ಸೊಟ್ಟಗೆ ಕೂಡಿತ್ತು.

ಅದನ್ನು ನೋಡಿ ಮುರಿಗೆವ್ವ ಎಂಬ ಮುದುಕಿ ಚೀರಿದಳು: "ಸಾಹೇಬ್ರ, ಇಕಿ ನನ್ನ ಮಗಳು ಗುರುಬಸವ್ವ. ಗಂಡ ಬಡದು ಕೈ ಮುರದಿದ್ದ!"

ಅಳಿಯ ಅಮರಪ್ಪ ನಕ್ಕ. "ನನ್ನ ಹೇಣ್ತಿ ಓಡಿಹೋಗ್ಯಾಳ್ರಿ. ಎಲುಬಿನ ಮ್ಯಾಲ ಹೆಸರು ಬರದೈತೇನು?"

"ಹಂಗಾರ ಮುಟ್ಟಿ ಆಣಿ ಮಾಡಲೇ, ಬಾಡ್ಯಾ!"

ಅವನು ಮುಟ್ಟಿ ಆಣೆ ಮಾಡಿದ. ಆ ಕ್ಷಣವೇ ಎಲುಬುಗಳೆಲ್ಲ ಒಣಗಿದವು. ಅಮರಪ್ಪ ಕೆಮ್ಮುತ್ತ ಹೊರಟ.

ಮಧ್ಯಾಹ್ನ ಸ್ಟೇಷನ್ ರಸ್ತೆಯ ಕಾದ ಧೂಳಿನಲ್ಲಿ ಬಿದ್ದು ಸತ್ತ. ನಾನೇ ಕೊಯ್ದು ನೋಡಿದೆ. ಶ್ವಾಸಕೋಶದ ತುಂಬ ಪಾಚಿಗಟ್ಟಿದ ನೀರು. ಆ ವರ್ಷದ ಮರಣದ ಲೆಕ್ಕದಲ್ಲಿ ಹಾಗೇ ಬರೆಸಿದೆ: ಸ್ಟೇಷನ್ ರಸ್ತೆ, ನೀರಲ್ಲಿ ಮುಳುಗಿ ಸತ್ತವರು, ಒಬ್ಬರು.