ಎಡಗೈಯಲ್ಲಿ ಕೊಟ್ಟ ನೀರು

"ಎಡಗೈ, ಕ್ಷಮಿಸಿ... ತಗೊಳ್ಳಿ."

ಪೊಕುವಾ ನೀರಿನ ಲೋಟವನ್ನು ಮುಂದೆ ಹಿಡಿದಳು. ಅಮ್ಮ ಬಾಗಿಲ ಬಳಿ ಕೂತು ನೋಡುತ್ತಿದ್ದಳು. ಅಂಗಳದ ಬೆಂಚಿನ ಮೇಲೆ ಕೂತಿದ್ದ ಎತ್ತರದ ಗಂಡಸು ಲೋಟ ನೋಡಿದ, ಅವಳ ಮುಖ ನೋಡಿದ. ಕೈ ಮಾತ್ರ ಚಾಚಲಿಲ್ಲ.

ಮುಂಗೈ ಮುಚ್ಚುವಷ್ಟು ಉದ್ದ ತೋಳಿನ ಅಂಗಿ, ಕತ್ತಿನವರೆಗೂ ಗುಂಡಿ. ತೆಚಿಮಾನ್ ಊರಿನ ಮಾರ್ಚ್ ಬಿಸಿಲಿಗೆ ಅಂಥ ಅಂಗಿ ಹಾಕುವವರು ಪಾದ್ರಿಗಳು ಮಾತ್ರ. ಅವನ ಹಣೆಯೆಲ್ಲ ಬೆವರು.

"ದೂರದಿಂದ ಬಂದ ಹಾಗಿದೆ. ಮೊದ್ಲು ನೀರು ಕುಡೀರಿ."

ಅವನು ತಟ್ಟನೆ ಎದ್ದು ನಿಂತ.

"ತಪ್ಪಾಯ್ತು... ನಾನು ಹೊರಡ್ತೀನಿ!"

ಅಷ್ಟೇ. ಗೇಟು ದಾಟಿ ಹೋಗೇಬಿಟ್ಟ!

ಪೊಕುವಾ ಲೋಟವನ್ನು ಬೆಂಚಿನ ಮೇಲೆ ಕುಕ್ಕಿದಳು. ಮನೆಗೆ ಬಂದವನು ನೀರು ಮುಟ್ಟದೆ ಹೋದರೆ ಅದು ಮುಖಕ್ಕೆ ಉಗುಳಿದಂತೆ. ಎಡಗೈಯಲ್ಲಿ ಕೊಟ್ಟ ನೀರನ್ನು ಮೂಸಿಯೂ ನೋಡದವರು ಈ ಊರಲ್ಲಿ ಎಷ್ಟೋ ಜನ ಇದ್ದಾರೆ, ಅದು ಅವಳಿಗೆ ಗೊತ್ತು. ಆದರೆ ತನ್ನ ಅಂಗಳಕ್ಕೇ ಬಂದು...

'ನನಗೇನು ಬಲಗೈ ಇದ್ದೂ ಎಡಗೈಯಲ್ಲಿ ಕೊಡುವ ಕೊಬ್ಬೇ?'

ನಾಲ್ಕು ವರ್ಷದ ಹಿಂದೆ ಜೋಳದ ಹಿಟ್ಟಿನ ಗಿರಣಿಯ ಬೆಲ್ಟು ಅವಳ ಬಲಗೈಯನ್ನು ಮೊಣಕೈವರೆಗೆ ತೆಗೆದುಕೊಂಡಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಒಂದೇ ಕೈಯಲ್ಲಿ ತಲೆಗೆ ಬಟ್ಟೆ ಕಟ್ಟುವುದು ಹೇಗೆ ಎಂದು ಫೋನಿನಲ್ಲಿ ಹುಡುಕಿದಳು. ಸಿಕ್ಕಿದ್ದೆಲ್ಲ ಪರದೇಶದವರ ವಿಡಿಯೋ. ಅವರಿಗೆ ತಲೆಬಟ್ಟೆಯೂ ಇಲ್ಲ, ಗೆಣಸು ಕುಟ್ಟುವ ಕೆಲಸವೂ ಇಲ್ಲ. ಕೊನೆಗೆ ತಾನೇ ಹಲ್ಲಿನಲ್ಲಿ ಕಚ್ಚಿ ಕಟ್ಟುವುದನ್ನು ಕಲಿತು, ವಿಡಿಯೋ ಮಾಡಿ ಹಾಕಿದಳು. ಪುಟಕ್ಕೆ 'ಎಡಗೈ ಶಾಲೆ' ಎಂದು ಹೆಸರಿಟ್ಟಳು.

ಈಗ ಆ ಶಾಲೆಗೆ ನಲವತ್ತು ಸಾವಿರ ಜನ. ಒದ್ದೆ ಬಟ್ಟೆಯನ್ನು ನಲ್ಲಿಗೆ ಸುತ್ತಿ ಹಿಂಡುವುದು, ಮೊಳೆ ಹೊಡೆದ ಹಲಗೆಗೆ ಗೆಣಸು ಚುಚ್ಚಿ ಸಿಪ್ಪೆ ತೆಗೆಯುವುದು, ಎಲ್ಲವನ್ನೂ ಅವಳು ನಗುನಗುತ್ತಾ ಹೇಳಿಕೊಡಬೇಕು. ನಗದಿದ್ದರೆ ಜನ ಬಿಡುವುದಿಲ್ಲ. "ಅಕ್ಕಾ, ನೀನೇ ನಮಗೆ ಸ್ಫೂರ್ತಿ, ಇವತ್ತು ಯಾಕೆ ಸಪ್ಪಗಿದ್ದೀಯ?" ಎಂದು ಬರೆಯುತ್ತಾರೆ. ಸ್ಫೂರ್ತಿಗೆ ಸೊಂಟ ನೋಯುವ ಹಾಗಿಲ್ಲ ನೋಡಿ!

ಅಂದು ಮಾತ್ರ ಅವಳು ನಗಲಿಲ್ಲ. ಫೋನಿನ ಮುಂದೆ ಕೂತು, ನಡೆದದ್ದನ್ನು ಕಣ್ಣೀರಿಡುತ್ತಾ ಹೇಳಿ ಹಾಕಿಬಿಟ್ಟಳು.

ಜನ ಕೆರಳಿದರು. ಎರಡೇ ದಿನದಲ್ಲಿ, ಆ ಹೊತ್ತಿಗೆ ಬೀದಿಯಲ್ಲಿದ್ದ ಯಾರೋ ತೆಗೆದ ಫೋಟೋ ಬಂತು. ಮೂರನೇ ದಿನ ಹೆಸರೂ ಬಂತು. "ಇವನು ಸುನ್ಯಾನಿ ಪಟ್ಟಣದ ರೇಡಿಯೋದಲ್ಲಿ ಸಾವಿನ ಸುದ್ದಿ ಓದೋ ನ್ಯಾರ್ಕೊ! ಸತ್ತವರ ಹೆಸರು ಮಾತ್ರ ಮರ್ಯಾದೆಯಿಂದ ಹೇಳ್ತಾನೆ, ಬದುಕಿರೋರಿಗೆ ಬೆಲೆ ಇಲ್ಲ!"

ವಾರ ಕಳೆಯುವುದರೊಳಗೆ ರೇಡಿಯೋದವರು ಅವನಿಂದ ಓದಿಸುವುದನ್ನು ನಿಲ್ಲಿಸಿದರಂತೆ.

ಪೊಕುವಾಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಅವಳ ಮನಸ್ಸು ಬೇರೆ ಕಡೆ ಇತ್ತು. ಮರಕುಟಿಗ ಬರೆದು ಎಂಟು ದಿನವಾಗಿತ್ತು!

ಮರಕುಟಿಗ ಅವಳ ಶಾಲೆಯ ವಿದ್ಯಾರ್ಥಿ. ಮುಖವಿಲ್ಲ, ಊರಿಲ್ಲ, ಬರೀ ಆ ಅಡ್ಡಹೆಸರು. ಮರ ಕೊಯ್ಯುವ ಮಿಲ್ಲಿನಲ್ಲಿ ಕೈ ಹೋಗಿತ್ತು. ಎಂಟು ತಿಂಗಳ ಹಿಂದೆ ಮೊದಲ ಸಲ ಬರೆದಿದ್ದ: "ಇಲ್ಲದ ಬೆರಳು ತುರಿಸ್ತಿದೆ ಟೀಚರ್. ಎಲ್ಲಿ ಕೆರ್ಕೊಳ್ಳಲಿ?"

"ಕನ್ನಡಿ ಪಕ್ಕ ಕೂತು, ಇರೋ ಕೈ ಕೆರೀರಿ, ಕನ್ನಡಿಯೊಳಗೆ ನೋಡ್ತಾ ಇರಿ. ಎಷ್ಟೋ ಜನಕ್ಕೆ ಕಮ್ಮಿಯಾಗುತ್ತೆ."

"ಕಮ್ಮಿಯಾಯ್ತು! ಆದ್ರೆ ಕನ್ನಡೀಲಿ ಇರೋ ಗಂಡಸು ನೋಡೋಕೆ ಚೆನ್ನಾಗಿಲ್ಲ."

ಆ ದಿನ ಅವಳು ಒಬ್ಬಳೇ ನಕ್ಕಿದ್ದಳು. ಆಮೇಲೆ ದಿನವೂ ಮಾತು. ನಲವತ್ತು ಸಾವಿರ ಜನರಲ್ಲಿ "ಟೀಚರ್, ಇವತ್ತು ನಿಮಗೆ ಸುಸ್ತಾಗಿದೆಯಾ?" ಎಂದು ಕೇಳಿದವನು ಅವನೊಬ್ಬನೇ. ಅವಳಿಗೆ ಅವನು ಬೇಕಾಗಿದ್ದ. ಹಾಗೆಂದು ಯಾರ ಮುಂದೆ ಹೇಳುವುದು?

ಒಂದು ಮಧ್ಯಾಹ್ನ ಅಮ್ಮ ಅವರೆ ಬಿಡಿಸುತ್ತಾ ತಾನಾಗಿಯೇ ಮಾತು ತೆಗೆದಳು.

"ಆ ಗಂಡಸು ವಿಚಿತ್ರ ಕಣೆ. ಬಲಗೈ ಮೇಲೆ ನೊಣ ಕೂತಿತ್ತು. ಕೂತೇ ಇತ್ತು. ಓಡಿಸ್ಲೇ ಇಲ್ಲ ಪುಣ್ಯಾತ್ಮ!"

"ಬಲಗೈ ಮೇಲಾ?"

"ಹೂಂ. ಬೆರಳು ಕೂಡ ಅಲುಗಲಿಲ್ಲ. ಗೊಂಬೆ ಕೈ ಇದ್ದ ಹಾಗೆ."

ಪೊಕುವಾ ಫೋನು ತೆಗೆದು ಮರಕುಟಿಗನ ಕೊನೆಯ ಮಾತು ಓದಿದಳು. ಅದು ಬಂದದ್ದು ಆ ಗಂಡಸು ಮನೆಗೆ ಬಂದ ದಿನವೇ ಬೆಳಿಗ್ಗೆ!

"ಟೀಚರ್, ಇವತ್ತು ಒಂದು ಧೈರ್ಯದ ಕೆಲಸ ಮಾಡೋಕೆ ಹೊರಟಿದ್ದೀನಿ. ಬೈಬೇಡಿ."

'ಅಯ್ಯೋ... ಬಂದವನೇ ಮರಕುಟಿಗ. ಅದು ರಬ್ಬರ್ ಕೈ. ಬಲಗೈ ಚಾಚಿದರೆ ಗುಟ್ಟು ಗೊತ್ತಾಗುತ್ತಿತ್ತು. ಅಮ್ಮ ಕೂತಿರುವಾಗ ಎಡಗೈ ಚಾಚಲು ಅವನಿಗೆ ನಾಚಿಕೆ. ಎಡಗೈಗೆ ನಾಚಬೇಡಿ ಎಂದು ಊರಿಗೆಲ್ಲ ಪಾಠ ಹೇಳುವ ನನಗೇ ಅದು ಹೊಳೆಯಲಿಲ್ಲವಲ್ಲ!'

ಅವಳು ಹತ್ತು ಸಲ ಬರೆದಳು. ಅವನು ಒಂದನ್ನೂ ತೆರೆಯಲಿಲ್ಲ.

"ಅವನಿಗೂ ಕೈ ಇಲ್ಲ ಅಂತ ಒಂದು ಮಾತು ಹೇಳು, ಎಲ್ಲರೂ ಬಾಯಿ ಮುಚ್ಕೋತಾರೆ," ಎಂದಳು ಅಮ್ಮ.

"ಅದನ್ನ ಮುಚ್ಚಿಡೋಕೆ ಅವರು ಹುಟ್ಟಿದ ಊರನ್ನೇ ಬಿಟ್ರಂತಮ್ಮ. ರೇಡಿಯೋದಲ್ಲಿ ದನಿ ಕೇಳುತ್ತೆ, ಕೈ ಕಾಣಲ್ಲ. ನಾನು ಹೇಗೆ ಹೇಳ್ಲಿ?"

"ಕಾರಣ ಹೇಳದೆ ಮಾತು ವಾಪಸ್ ತಗೊಂಡ್ರೆ ನಿನ್ನ ಹೆಸರು ಕೆಡುತ್ತೆ."

"ಕೆಡ್ಲಿ."

ಹಳೆಯ ವಿಡಿಯೋ ತೆಗೆದುಹಾಕಿ ಹೊಸದು ಹಾಕಿದಳು. "ಆ ವ್ಯಕ್ತಿ ನನಗೆ ಅವಮಾನ ಮಾಡಲಿಲ್ಲ. ತಪ್ಪು ನನ್ನದು. ಕಾರಣ ಹೇಳೋದಿಲ್ಲ. ಅವರನ್ನ ಬಿಟ್ಟುಬಿಡಿ."

ಅಷ್ಟು ಸಾಕಾಯಿತು. ಸುಳ್ಳುಗಾತಿ! ನಾಟಕದವಳು! ಅವನಿಂದ ಎಷ್ಟು ತಿಂದೆ? ಕೈ ಇಲ್ಲದ್ದನ್ನೇ ಅಂಗಡಿ ಮಾಡಿಕೊಂಡವಳು! ಸ್ಫೂರ್ತಿ ಎಂದು ಹೊತ್ತು ಮೆರೆಸಿದವರೇ ಕೆಳಗೆ ಹಾಕಿದರು. ಹನ್ನೊಂದು ಸಾವಿರ ಜನ ಶಾಲೆ ಬಿಟ್ಟರು.

ಅವಳಿಗೆ ಅಳುವುದಕ್ಕೂ ಮೈಯಲ್ಲಿ ಕಸುವಿರಲಿಲ್ಲ.

ಗುರುವಾರ ಎಂದಿನಂತೆ ಆಸ್ಪತ್ರೆಗೆ ಹೋದಳು. ಹೊಸದಾಗಿ ಕೈ ಕಳೆದುಕೊಂಡ ಒಬ್ಬ ಬಟ್ಟೆ ವ್ಯಾಪಾರದ ಹೆಂಗಸಿಗೆ ತಲೆಬಟ್ಟೆ ಕಟ್ಟುವುದನ್ನು ಕಲಿಸಿ ಹೊರಬಂದು, ವ್ಯಾನಿನ ನಿಲ್ದಾಣದ ನೆರಳಿನಲ್ಲಿ ಕುಸಿದು ಕೂತಳು. ಕಾಲು ನೋವು, ಕತ್ತು ನೋವು, ಇಲ್ಲದ ಕೈಯೂ ನೋವು.

"ಟೀಚರ್..."

ತಲೆಯೆತ್ತಿದಳು. ನ್ಯಾರ್ಕೊ! ಅರ್ಧ ತೋಳಿನ ಅಂಗಿ. ಬಲಗೈ ಮೊಣಕೈ ಕೆಳಗೆ ನಿಂತುಹೋಗಿತ್ತು. ಅಕ್ಕಪಕ್ಕದವರು ನೋಡುತ್ತಿದ್ದರು, ಅವನ ಕಿವಿಯ ಮೇಲಿಂದ ಬೆವರು ಇಳಿಯುತ್ತಿತ್ತು.

"ಒಂದೇ ಒಂದು ಮಾತು ಹೇಳಿದ್ರೆ ನೀವು ಗೆಲ್ತಿದ್ರಿ. ಯಾಕೆ ಹೇಳಲಿಲ್ಲ?"

"ಕೈ ನಿಮ್ಮದು. ಹೇಳೋದೂ ನಿಮ್ಮ ಬಾಯೇ ಆಗಬೇಕು."

"ಹೇಳಿದೆ. ಇವತ್ತು ಬೆಳಿಗ್ಗೆ, ರೇಡಿಯೋದಲ್ಲಿ. ಕಾಡಿ ಬೇಡಿ ಒಂದು ನಿಮಿಷ ಕೇಳಿದೆ."

"ಏನಂತ ಹೇಳಿದ್ರಿ?"

ಅವನು ಗಂಟಲು ಸರಿಮಾಡಿಕೊಂಡ. ಸಾವಿನ ಸುದ್ದಿ ಓದುವ ಅದೇ ಗಂಭೀರ ದನಿಯಲ್ಲಿ ಶುರುಮಾಡಿದ. "ಮಿಮ್ ಊರಿನ ನ್ಯಾರ್ಕೊ ಅವರ ಬಲಗೈ, ಮೂವತ್ತಮೂರು ವರ್ಷ, ಮರದ ಮಿಲ್ಲಿನಲ್ಲಿ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು ಎಂದು ತಿಳಿಸಲು ವಿಷಾದಿಸುತ್ತೇವೆ. ಮೃತರು ಒಡಹುಟ್ಟಿದ ತಮ್ಮನಾದ ಎಡಗೈಯನ್ನು ಅಗಲಿದ್ದಾರೆ. ಆ ತಮ್ಮ ನಾಚಿಕೆಯಿಂದ ಒಬ್ಬ ಹೆಂಗಸಿನ ಮನ ನೋಯಿಸಿದ. ಬೈಯುವವರು ಅವನನ್ನು ಬೈಯಬೇಕು, ಅವಳನ್ನಲ್ಲ."

ಪೊಕುವಾ ನಕ್ಕಳು. ಇಷ್ಟು ದಿನ ನಗದವಳು ಹೊಟ್ಟೆ ಹಿಡಿದು ನಕ್ಕಳು. ನಗುತ್ತಲೇ ಅಳು ಬಂತು, ಬಂದದ್ದು ನಿಲ್ಲಲಿಲ್ಲ.

"ನನಗೆ ಸಾಕಾಗಿದೆ, ನ್ಯಾರ್ಕೊ... ಧೈರ್ಯವಾಗಿರೋದು ಸಾಕಾಗಿದೆ."

ಅವನು ಪಕ್ಕದಲ್ಲಿ ಕೂತ. ಸಮಾಧಾನ ಮಾಡಲಿಲ್ಲ. ಅವಳು ಅಳುವಷ್ಟು ಅಳಲಿ ಎಂದು ಬಿಟ್ಟ. ಎರಡು ವ್ಯಾನು ಬಂದು ತುಂಬಿ ಹೋದವು.

"ನಾನು ನಿನ್ನನ್ನ ಪ್ರೀತಿಸ್ತೀನಿ," ಅಂದ. ಮೊದಲ ಸಲ 'ನೀನು' ಅಂದಿದ್ದ. "ಶಾಲೆ ಟೀಚರನ್ನಲ್ಲ. ಸುಸ್ತಾಗಿದೆ ಅಂತ ನನಗೆ ಮಾತ್ರ ಹೇಳ್ತಿದ್ದವಳನ್ನ."

"ಮನೇಲಿ ನಾನು ಒಳ್ಳೆಯವಳಲ್ಲ. ಒಂದೊಂದು ದಿನ ಹಾಸಿಗೆ ಬಿಟ್ಟು ಏಳೋದೇ ಇಲ್ಲ."

"ಏಳಬೇಡ. ಗಂಜಿ ನಾನೇ ತರ್ತೀನಿ. ದಾರೀಲಿ ಅರ್ಧ ಚೆಲ್ಲಬಹುದು."

"ಚೆಲ್ಲಿದ್ರೆ ಬೈತೀನಿ."

"ಬೈ. ಬೈದು ಮತ್ತೆ ಮಲಗು."

ಅವಳು ತಲೆಯನ್ನು ಅವನ ಹೆಗಲಿಗಿಟ್ಟಳು. ನಿಲ್ದಾಣದಲ್ಲಿ ಅಷ್ಟು ಜನ ಇದ್ದರು, ಇರಲಿ ಅನ್ನಿಸಿತು.

"ಮೂರನೇ ವ್ಯಾನು ಬಂತು, ಪೊಕುವಾ."

"ಹೋಗ್ಲಿ ಬಿಡು... ಇನ್ನೂ ಸ್ವಲ್ಪ ಹೊತ್ತು ನನ್ನನ್ನ ಎಬ್ಬಿಸ್ಬೇಡ."